ಸತು ಯಾವ ಖಾತೆಗೆ?

ಭಾಗ 1/9
ಫೋಟೊ: ಅಮ್ಮನ ಮಾತ್ರೆ ಡಬ್ಬಿ

ಉಪ್ಪು, ಕಾಫಿ, ಸೀಮೆಎಣ್ಣೆ ಆದ್ಮೇಲೆ ಈ ಸಲದ ಸರಣಿ ಸತುವಿನ ಬಗ್ಗೆ. ಅಂದ್ರೆ ಜಿಂಕ್. ಒಂಬತ್ತು ಭಾಗ ಇದೆ, ಕ್ಯಾಪ್ಶನ್ ಉದ್ದ ಆಯ್ತು ಅಂತ ಬೈಬೇಡಿ. ಮನೇಲಿ ಯಾರಿಗಾದ್ರೂ ಥೈರಾಯ್ಡ್ ಇದ್ರೆ ಕೊನೇವರೆಗೂ ಓದಿ.

ಅಮ್ಮನಿಗೆ ಆರು ವರ್ಷದಿಂದ ಹೈಪೋಥೈರಾಯ್ಡ್. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಮುಕ್ಕಾಲು ಗಂಟೆ ಬಿಟ್ಟು ಕಾಫಿ. ನಾನು ಹೈಸ್ಕೂಲ್‌ನಲ್ಲಿದ್ದಾಗಿಂದ ನೋಡ್ತಿರೋ ದಿನಚರಿ. ದಸರಾ ರಜಕ್ಕೆ ಹಾಸ್ಟೆಲಿಂದ ತುಮಕೂರಿಗೆ ಹೋದಾಗ ಅಮ್ಮ ಎದ್ದವಳೇ ನೇರ ಕಾಫಿಗೆ ನೀರಿಟ್ಟಳು. ನಂಗೆ ಏನೋ ಸರಿ ಇಲ್ಲ ಅನ್ನಿಸ್ತು. ಡಬ್ಬಿ ತೆಗೆದು ನೋಡಿದೆ. ಯಾವತ್ತೋ ಮುಗೀಬೇಕಿದ್ದ ಥೈರಾಯ್ಡ್ ಶೀಟು ಅರ್ಧಕ್ಕರ್ಧ ಹಾಗೇ ಇತ್ತು. ಪಕ್ಕದಲ್ಲಿ ಹೊಸದೊಂದು ಜಿಂಕ್ ಮಾತ್ರೆ ಬಾಟಲಿ. ಬಿಕಾಂ ಓದೋರಿಗೆ ಸ್ಟಾಕ್ ಲೆಕ್ಕ ಮಾಡೋದು ಬೇರೆ ಹೇಳಿಕೊಡಬೇಕಾ? ಏಳು ವಾರದಿಂದ ಅಮ್ಮ ಮಾತ್ರೆ ತಗೊಂಡಿರಲಿಲ್ಲ.

ಕೇಳಿದ್ದಕ್ಕೆ ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿದಳು. ಥೈರಾಯ್ಡ್ ಇರೋರಿಗೆಲ್ಲ ಜಿಂಕ್ ಕಮ್ಮಿ ಇರತ್ತೆ, ಜಿಂಕ್ ತಗೊಂಡ್ರೆ ಗ್ರಂಥಿ ತಾನಾಗೇ ಸರಿ ಹೋಗತ್ತೆ, ಜೀವನಪೂರ್ತಿ ಮಾತ್ರೆ ನುಂಗೋದು ಬೇಡ ಅಂತ ಅದರಲ್ಲಿ ಹೇಳಿದ್ರು. ಅಮ್ಮ ಸುಮ್ಮನೆ ನಂಬೋಳಲ್ಲ. ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದಿದ್ದಳು. ರಿಪೋರ್ಟ್‌ನಲ್ಲಿ ಜಿಂಕ್ ನಿಜಕ್ಕೂ ಗೆರೆಗಿಂತ ಸ್ವಲ್ಪ ಕೆಳಗಿತ್ತು. “ನೋಡು, ರಿಪೋರ್ಟೇ ಹೇಳ್ತಿದೆಯಲ್ಲ ಕಣೇ” ಅಂದಳು.

ಹೊಲಿಗೆ ಮೆಷಿನ್ ಪಕ್ಕ ಹಬ್ಬಕ್ಕೆ ಕೊಡಬೇಕಿದ್ದ ಬ್ಲೌಸುಗಳು ರಾಶಿ ಬಿದ್ದಿದ್ವು. ಅಮ್ಮನ ದನಿ ಗಡುಸಾಗಿತ್ತು, ಮುಖ ಊದಿತ್ತು, ಮಧ್ಯಾಹ್ನ ಕೂತಲ್ಲೇ ನಿದ್ದೆ. ಮಾರನೇ ದಿನ ಟಿಎಸ್‌ಎಚ್ ಮಾಡಿಸಿದ್ವಿ. ನಾಲ್ಕೈದರ ಒಳಗಿರಬೇಕಾದ್ದು ಇಪ್ಪತ್ತು ದಾಟಿತ್ತು.

ಆ ವಿಡಿಯೋ ಪೂರ್ತಿ ಸುಳ್ಳಾ ಅಂತ ಹುಡುಕೋಕೆ ಕೂತೆ. ಪೂರ್ತಿ ಸುಳ್ಳಾಗಿದ್ರೆ ಕೆಲಸ ಸುಲಭ ಇತ್ತು. ಅದರಲ್ಲಿ ಅರ್ಧ ನಿಜ ಇದೆ. ಆ ಅರ್ಧ ಎಲ್ಲಿಂದ ಬಂತು, ಉಳಿದರ್ಧ ಎಲ್ಲಿ ತಪ್ಪಿತು ಅನ್ನೋದೇ ಈ ಕಥೆ.

ಭಾಗ 2/9
ಫೋಟೊ: ಅಜ್ಜಿ ಮನೆಯ ಹಿತ್ತಾಳೆ ಬಿಂದಿಗೆ

ಸತು ನಮಗೆ ಹೊಸದಲ್ಲ. ತಾಮ್ರಕ್ಕೆ ಸತು ಸೇರಿದ್ರೆ ಹಿತ್ತಾಳೆ. ರಾಜಸ್ಥಾನದ ಉದಯಪುರದ ಹತ್ತಿರ ಜಾವರ್ ಅಂತ ಒಂದು ಜಾಗ ಇದೆ. ಅಲ್ಲಿ ಮಣ್ಣಿನ ಮೂಸೆಗಳಲ್ಲಿ ಅದಿರು ಕಾಯಿಸಿ, ಆವಿಯಾಗಿ ಹೋಗೋ ಸತುವನ್ನ ಮತ್ತೆ ತಣಿಸಿ ಹಿಡಿಯೋ ವಿದ್ಯೆ ಯುರೋಪಿನವರಿಗಿಂತ ಶತಮಾನಗಳ ಮೊದಲೇ ಇತ್ತು. ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಇದೇ ಕೆಲಸಕ್ಕೆ ಪೇಟೆಂಟ್ ತಗೊಂಡಿದ್ದು 1738ರಲ್ಲಿ.

ಆದ್ರೆ ಸತು ಬರೀ ಪಾತ್ರೆಗಲ್ಲ, ಜೀವಕ್ಕೂ ಬೇಕು ಅಂತ ಗೊತ್ತಾಗಿದ್ದು 1869ರಲ್ಲಿ. ಲೂಯಿ ಪಾಶ್ಚರ್ ಅವರ ಶಿಷ್ಯ ಜೂಲ್ಸ್ ರಾಲಿನ್ ಫ್ರಾನ್ಸಿನಲ್ಲಿ ಒಂದು ಬೂಸ್ಟನ್ನ ಬೆಳೆಸ್ತಿದ್ರು. ಹಳೇ ಈರುಳ್ಳಿ ಸಿಪ್ಪೆ ಮೇಲೆ ಕಪ್ಪು ಪುಡಿ ಥರ ಕಾಣತ್ತಲ್ಲ, ಅದೇ ಬೂಸ್ಟು. ಹೆಸರು ಆಸ್ಪರ್ಜಿಲಸ್ ನೈಗರ್. ಅದಕ್ಕೆ ಹಾಕೋ ನೀರಿನಿಂದ ಒಂದೊಂದೇ ಲವಣ ತೆಗೆದು ನೋಡ್ತಾ ಹೋದ್ರು. ಸತು ತೆಗೆದಾಗ ಬೂಸ್ಟು ಬೆಳೀಲಿಲ್ಲ.

ಬೂಸ್ಟಿನಿಂದ ಇಲಿಗೆ ಬರೋಕೆ 65 ವರ್ಷ ಹಿಡೀತು. 1934ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟಾಡ್, ಎಲ್ವೆಹ್ಜೆಮ್, ಹಾರ್ಟ್ ಅನ್ನೋ ಮೂವರು ಸತು ಇಲ್ಲದ ಆಹಾರ ಕೊಟ್ಟು ಇಲಿ ಸಾಕಿದ್ರು. ಇಲಿಗಳು ಕುಳ್ಳಾಗೇ ಉಳಿದ್ವು, ಕೂದಲು ಉದುರ್ತು. ಇಷ್ಟು ತಡ ಯಾಕೆ ಅಂದ್ರೆ ಸತು ಇಲ್ಲದ ಆಹಾರ ಮಾಡೋದೇ ಕಷ್ಟ. ಕಾಳಲ್ಲಿದೆ, ಮಾಂಸದಲ್ಲಿದೆ, ಧೂಳಲ್ಲಿದೆ, ರಬ್ಬರಲ್ಲಿದೆ, ಸತು ಬಳಿದ ಕಬ್ಬಿಣದ ಪಂಜರದಲ್ಲೂ ಇದೆ.

1940ರಲ್ಲಿ ಕೇಂಬ್ರಿಡ್ಜ್‌ನ ಕೀಲಿನ್ ಮತ್ತು ಮಾನ್ ಇನ್ನೊಂದು ವಿಷಯ ಕಂಡುಹಿಡಿದ್ರು. ನಾವು ಹೊರಗೆ ಬಿಡೋ ಇಂಗಾಲದ ಡೈಆಕ್ಸೈಡನ್ನ ರಕ್ತದಲ್ಲಿ ಸಾಗಿಸೋಕೆ ಕೆಂಪು ಕಣದಲ್ಲಿ ಒಂದು ಕಿಣ್ವ ಇದೆ, ಕಾರ್ಬಾನಿಕ್ ಆನ್‌ಹೈಡ್ರೇಸ್ ಅಂತ. ಅದರ ನಡುವೆ ಸತು ಕೂತಿದೆ. ಈ ಹೆಸರು ನೆನಪಿಟ್ಕೊಳ್ಳಿ, ಆರನೇ ಭಾಗದಲ್ಲಿ ಮತ್ತೆ ಬರತ್ತೆ.

ಇಷ್ಟೆಲ್ಲ ಗೊತ್ತಾದ್ರೂ ವೈದ್ಯರ ನಂಬಿಕೆ ಒಂದೇ ಆಗಿತ್ತು: ಸತು ಎಲ್ಲ ಆಹಾರದಲ್ಲೂ ಇದೆ, ಹಾಗಾಗಿ ಮನುಷ್ಯರಿಗೆ ಅದರ ಕೊರತೆ ಬರೋದಕ್ಕೆ ಸಾಧ್ಯವೇ ಇಲ್ಲ.

ಭಾಗ 3/9
ಫೋಟೊ: ಅಟ್ಲಾಸಿನಲ್ಲಿ ಇರಾನ್, ಪೆನ್ಸಿಲ್ ಗುರುತು ಹಾಕಿರೋದು ಶಿರಾಜ್

ಈ ನಂಬಿಕೆ ಮುರಿದವರು ಬಿಹಾರದವರು. ಹೆಸರು ಆನಂದ ಪ್ರಸಾದ್. 1928ರಲ್ಲಿ ಬಕ್ಸರಿನಲ್ಲಿ ಹುಟ್ಟಿ, ಪಾಟ್ನಾದಲ್ಲಿ ಎಂಬಿಬಿಎಸ್ ಮುಗಿಸಿ, ಅಮೆರಿಕದ ಮಿನೆಸೋಟದಲ್ಲಿ ಪಿಎಚ್‌ಡಿ ಮಾಡಿ, 1958ರಲ್ಲಿ ಇರಾನಿನ ಶಿರಾಜ್‌ಗೆ ಕೆಲಸಕ್ಕೆ ಹೋದ್ರು.

ಅಲ್ಲಿನ ಸಾದಿ ಆಸ್ಪತ್ರೆಯಲ್ಲಿ ಡಾಕ್ಟರ್ ಜೇಮ್ಸ್ ಹಾಲ್‌ಸ್ಟೆಡ್ ಒಬ್ಬ ರೋಗಿಯನ್ನ ತೋರಿಸಿ, ನಿಮ್ಮ ಅಭಿಪ್ರಾಯ ಏನು ಅಂತ ಕೇಳಿದ್ರು. ವಯಸ್ಸು 21. ನೋಡೋಕೆ 10 ವರ್ಷದ ಹುಡುಗ. ಗಡ್ಡ ಮೀಸೆ ಬಂದಿಲ್ಲ, ಪ್ರಾಯಕ್ಕೆ ಬಂದ ಯಾವ ಗುರುತೂ ಇಲ್ಲ. ಚರ್ಮ ಒರಟು, ಯಕೃತ್ತು ಮತ್ತು ಗುಲ್ಮ ಊದಿವೆ, ವಿಪರೀತ ರಕ್ತಹೀನತೆ, ಯಾವಾಗಲೂ ಮಂಕು. ಊಟ ಅಂದ್ರೆ ಇಡೀ ಗೋಧಿಯ, ಹುದುಗು ಬರಿಸದ ರೊಟ್ಟಿ. ಮಾಂಸ ಇಲ್ಲವೇ ಇಲ್ಲ ಅನ್ನಬಹುದು. ಜತೆಗೆ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಕೇಜಿ ಮಣ್ಣು ತಿಂತಿದ್ದ.

ಸುತ್ತಲಿನ ಹಳ್ಳಿಗಳಲ್ಲಿ ಮಣ್ಣು ತಿನ್ನೋದು ಮಾಮೂಲು ಅಂತ ಆಮೇಲೆ ಗೊತ್ತಾಯ್ತು. ಸ್ವಲ್ಪ ದಿನದಲ್ಲೇ ಇಂಥವೇ ಇನ್ನೂ ಹತ್ತು ಕೇಸು ಸಿಕ್ವು. ರಕ್ತಹೀನತೆಗೆ ಕಾರಣ ಕಬ್ಬಿಣದ ಕೊರತೆ, ಅದು ಸರಿ. ಆದ್ರೆ ಬರೀ ಕಬ್ಬಿಣ ಕಮ್ಮಿಯಾದ್ರೆ ಇಪ್ಪತ್ತೊಂದರ ಹುಡುಗ ಹತ್ತರವನಾಗಿ ಉಳಿಯಲ್ಲ. ಹಾಗಾದ್ರೆ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯದ್ದೇ ತೊಂದರೆಯಾ? ಒಂದೇ ಸೀಮೆಯ ಅಷ್ಟು ಜನಕ್ಕೆ ಒಟ್ಟಿಗೇ ಗ್ರಂಥಿ ಕೆಡತ್ತಾ? ಪ್ರಸಾದ್ ಅವರ ತಲೆಗೆ ವಿಸ್ಕಾನ್ಸಿನ್ನಿನ ಕುಳ್ಳ ಇಲಿಗಳು ಬಂದ್ವು. ಇದು ಸತುವಿನ ಕೊರತೆ ಇರಬಹುದು ಅನ್ನೋ ಊಹೆ 1961ರಲ್ಲಿ ಅಚ್ಚಾಯ್ತು.

ಇಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ ವಿಷಯ ಒಂದಿದೆ. ಆ ಹುಡುಗರಿಗೆ ಆಸ್ಪತ್ರೆಯಲ್ಲಿ ಕೊಟ್ಟಿದ್ದು ಕಬ್ಬಿಣದ ಮಾತ್ರೆ ಮತ್ತು ಮಾಂಸ ಇರೋ ಒಳ್ಳೇ ಊಟ. ಅವರು ಚೇತರಿಸಿಕೊಂಡ್ರು. ರಕ್ತ ಬಂತು, ಪ್ರಾಯದ ಗುರುತುಗಳೂ ಬಂದ್ವು. ಲೆಕ್ಕ ಬರೆಯೋರು ಇಷ್ಟಕ್ಕೇ ನಿಲ್ಲಿಸಿದ್ರೆ ಪೂರ್ತಿ ಕ್ರೆಡಿಟ್ ಕಬ್ಬಿಣದ ಖಾತೆಗೆ ಹೋಗ್ತಿತ್ತು. ಮಾಂಸದ ಜತೆ ಸತುವೂ ತಟ್ಟೆಗೆ ಬಂದಿತ್ತು ಅನ್ನೋದನ್ನ ಯಾರೂ ಬರೆದಿರಲಿಲ್ಲ. ಯಾವುದು ಯಾವುದರ ಜತೆ ಬಂತು ಅನ್ನೋದು ಒಂದು ಪ್ರಶ್ನೆ, ಯಾವುದರಿಂದ ಗುಣ ಆಯ್ತು ಅನ್ನೋದು ಬೇರೆಯದೇ ಪ್ರಶ್ನೆ.

ಭಾಗ 4/9
ಫೋಟೊ: ಹಾಸ್ಟೆಲ್ ಕಿಟಕಿ ಹತ್ತಿರ ಮೊಳಕೆ ಕಟ್ಟಿದ ಹೆಸರುಕಾಳು

ಊಹೆ ಸಾಲದು, ಸಾಬೀತು ಮಾಡಬೇಕಲ್ಲ. ಪ್ರಸಾದ್ ಶಿರಾಜ್ ಬಿಟ್ಟು ಈಜಿಪ್ಟಿಗೆ ಹೋದ್ರು. ಕೈರೋದಲ್ಲಿ ಅಮೆರಿಕದ ನೌಕಾಪಡೆಯ ವೈದ್ಯಕೀಯ ಪ್ರಯೋಗಾಲಯ ಇತ್ತು. ಹತ್ತಿರದ ಹಳ್ಳಿಗಳಲ್ಲಿ ಅಂಥದೇ ಕುಳ್ಳ ಹುಡುಗರು. ಇಲ್ಲಿ ಮಣ್ಣು ತಿನ್ನೋ ಅಭ್ಯಾಸ ಇರಲಿಲ್ಲ, ಬದಲಿಗೆ ಹೊಟ್ಟೆಯಲ್ಲಿ ಕೊಕ್ಕೆಹುಳ ಇತ್ಯಾದಿ. ಅವರ ರಕ್ತದಲ್ಲಿ, ಕೆಂಪು ಕಣದಲ್ಲಿ, ಕೂದಲಲ್ಲಿ ಸತು ಅಳೆದ್ರು. ಎಲ್ಲ ಕಡೆ ಕಮ್ಮಿ.

ಆಮೇಲೆ ಮಾಡಿದ್ದು ಮುಖ್ಯವಾದ ಕೆಲಸ. ಕೆಲವರಿಗೆ ಬರೀ ಒಳ್ಳೇ ಊಟ, ಕೆಲವರಿಗೆ ಕಬ್ಬಿಣ, ಕೆಲವರಿಗೆ ಸತು. ಅಂದ್ರೆ ಖಾತೆಗಳನ್ನ ಬೇರೆ ಬೇರೆ ಮಾಡಿದ್ರು. ಸತು ತಗೊಂಡವರು ಒಂದೇ ವರ್ಷದಲ್ಲಿ ಐದಾರು ಇಂಚು ಬೆಳೆದ್ರು, ಉಳಿದವರಿಗಿಂತ ಜಾಸ್ತಿ. ಮುಂದೆ ಈ ಫಲಿತಾಂಶಗಳು ಪ್ರಕಟವಾದ್ವು.

ಗೋಧಿಯಲ್ಲಿ ಸತು ಇದೆಯಲ್ಲ, ಮತ್ತೆ ಕೊರತೆ ಹೇಗೆ? ಉತ್ತರ ಫೈಟೇಟ್ ಅನ್ನೋ ವಸ್ತು. ಕಾಳಿನ ಹೊಟ್ಟಿನಲ್ಲಿರತ್ತೆ, ಸತುವನ್ನ ಬಿಗಿಯಾಗಿ ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡಲ್ಲ. ನೆನೆಸಿದ್ರೆ, ಮೊಳಕೆ ಬರಿಸಿದ್ರೆ, ಹಿಟ್ಟು ಹುಳಿ ಬರಿಸಿದ್ರೆ ಫೈಟೇಟ್ ಕಮ್ಮಿಯಾಗತ್ತೆ. ನಮ್ಮ ದೋಸೆ ಹಿಟ್ಟು, ಮೊಳಕೆ ಕಾಳಿನ ಸಾರು ಈ ವಿಷಯದಲ್ಲಿ ಗೊತ್ತಿಲ್ಲದೇ ಮಾಡಿದ ಜಾಣತನ.

ಆದ್ರೂ ಒಪ್ಪಿಕೊಳ್ಳೋಕೆ ಜಗತ್ತು ಟೈಮ್ ತಗೊಂಡ್ತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಸತು ಮನುಷ್ಯರಿಗೆ ಅತ್ಯಗತ್ಯ ಅಂತ ಹೇಳಿ, ದಿನಕ್ಕೆ ಎಷ್ಟು ಬೇಕು ಅಂತ ನಿಗದಿ ಮಾಡಿದ್ದು 1974ರಲ್ಲಿ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್, ಭೇದಿಯಾದ ಮಕ್ಕಳಿಗೆ ಓಆರ್‌ಎಸ್ ಜತೆ 10ರಿಂದ 14 ದಿನ ಜಿಂಕ್ ಕೊಡಿ ಅಂದ್ವು. ಇವತ್ತು ಅಂಗನವಾಡಿ, ಆಶಾ ಕಾರ್ಯಕರ್ತೆಯರ ಹತ್ತಿರ ಸಿಗೋ ಆ ಪುಟ್ಟ ಮಾತ್ರೆಯ ಹಿಂದೆ ಮಣ್ಣು ತಿಂತಿದ್ದ ಆ ಹುಡುಗ ಇದಾನೆ.

ಇದು ಸತುವಿನ ನಿಜವಾದ ಗೆಲುವು. ವಿಡಿಯೋದಲ್ಲಿದ್ದ ಆತ್ಮವಿಶ್ವಾಸ ಇಂಥ ಗೆಲುವಿನಿಂದ ಸಾಲ ತಂದಿದ್ದು.

ಭಾಗ 5/9
ಫೋಟೊ: ಅಡುಗೆಮನೆಯ ಉಪ್ಪಿನ ಪ್ಯಾಕೆಟ್ಟು, ಹಿಂಭಾಗ

ಈಗ ಥೈರಾಯ್ಡ್ ಕಡೆ ಬರೋಣ. ಕತ್ತಿನ ಮುಂದೆ ಚಿಟ್ಟೆ ಆಕಾರದಲ್ಲಿರೋ ಗ್ರಂಥಿ. ಇದರ ಇತಿಹಾಸದಲ್ಲಿ ಹೀರೋ ಸತು ಅಲ್ಲ, ಅಯೋಡಿನ್.

1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ಟ್ವಾ ಕಡಲಪಾಚಿಯ ಬೂದಿಯಲ್ಲಿ ಅಯೋಡಿನ್ ಕಂಡ್ರು. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನ ಗಳಗಂಡಕ್ಕೆ ಔಷಧಿಯಾಗಿ ಕೊಟ್ಟರು. ಗಳಗಂಡ ಅಂದ್ರೆ ಗ್ರಂಥಿ ಊದಿ ಕತ್ತು ದಪ್ಪ ಆಗೋದು. 1895ರಲ್ಲಿ ಜರ್ಮನಿಯ ಬೌಮನ್ ಗ್ರಂಥಿಯೊಳಗೇ ಅಯೋಡಿನ್ ಇದೆ ಅಂತ ತೋರಿಸಿದ್ರು. 1914ರ ಕ್ರಿಸ್‌ಮಸ್ ದಿನ ಅಮೆರಿಕದಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ ಹಾರ್ಮೋನನ್ನ ಹರಳಿನ ರೂಪದಲ್ಲಿ ಬೇರ್ಪಡಿಸಿದ್ರು. ಅಮ್ಮ ನುಂಗೋ ಮಾತ್ರೆಯಲ್ಲಿರೋದು ಅದೇ ಥೈರಾಕ್ಸಿನ್, ಕಾರ್ಖಾನೆಯಲ್ಲಿ ತಯಾರಾದದ್ದು. ಅದರ ಒಂದೊಂದು ಅಣುವಿನಲ್ಲೂ ನಾಲ್ಕು ಅಯೋಡಿನ್ ಇದೆ.

ನಮ್ಮ ದೇಶದ ಕಥೆ ಹಿಮಾಚಲದ ಕಾಂಗ್ರಾ ಕಣಿವೆಯದ್ದು. 1956ರಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಣಿವೆಯನ್ನ ಭಾಗ ಮಾಡಿ, ಕೆಲವು ಕಡೆ ಅಯೋಡಿನ್ ಬೆರೆಸಿದ ಉಪ್ಪು, ಇನ್ನೊಂದು ಕಡೆ ಮಾಮೂಲಿ ಉಪ್ಪು ಹಂಚೋ ವ್ಯವಸ್ಥೆ ಮಾಡಿದ್ರು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಇಳೀತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. ಮುಂದೆ ಇಡೀ ದೇಶದ ಉಪ್ಪಿಗೇ ಅಯೋಡಿನ್ ಬಂತು.

ಎಷ್ಟು ನೇರವಾದ ಲೆಕ್ಕ ನೋಡಿ. ಒಂದು ಖನಿಜ ಕಮ್ಮಿ, ಅದರಿಂದ ಒಂದು ಕಾಯಿಲೆ. ಖನಿಜ ಕೊಟ್ರೆ ಕಾಯಿಲೆ ಕಮ್ಮಿ. ಇದರ ಯಶಸ್ಸು ನಮ್ಮ ತಲೆಯಲ್ಲಿ ಒಂದು ಅಚ್ಚು ಬಿಟ್ಟು ಹೋಗಿದೆ. ಥೈರಾಯ್ಡ್ ರೋಗಿಯ ರಿಪೋರ್ಟ್‌ನಲ್ಲಿ ಯಾವುದೇ ಖನಿಜ ಕಮ್ಮಿ ಕಂಡ್ರೂ ಅದೇ ಅಚ್ಚಿಗೆ ಹಾಕ್ತೀವಿ: ಇದು ಕಮ್ಮಿ ಇದ್ದಿದ್ದಕ್ಕೇ ಕಾಯಿಲೆ ಬಂತು.

ಆದ್ರೆ ಅಯೋಡಿನ್ ಹಾರ್ಮೋನಿನ ಕಚ್ಚಾ ಮಾಲು. ಬಟ್ಟೆ ಇಲ್ಲದೆ ಬ್ಲೌಸ್ ಆಗಲ್ಲ ಅಲ್ವಾ, ಹಾಗೆ. ಥೈರಾಕ್ಸಿನ್ ಒಳಗೆ ಸತು ಒಂದು ಚೂರೂ ಇಲ್ಲ. ಅದರ ಪಾತ್ರ ಬೇರೆ.

ಭಾಗ 6/9
ಫೋಟೊ: ಅಪ್ಪನ ಹಳೇ ಬ್ಯಾಂಕ್ ಪಾಸ್‌ಬುಕ್

ಸತು ಮತ್ತು ಥೈರಾಯ್ಡ್ ನಂಟಿನ ಬಗ್ಗೆ ತುಂಬ ಸ್ಪಷ್ಟವಾದ ಕೆಲಸ ಆಗಿದ್ದು ಜಪಾನಿನಲ್ಲಿ, 1980ರ ದಶಕದಲ್ಲಿ. ಅವರು ನೋಡಿದ್ದು ಅಮ್ಮನ ಕಾಯಿಲೆಯ ತದ್ವಿರುದ್ಧ ಇರೋದು, ಹೈಪರ್‌ಥೈರಾಯ್ಡ್. ಗ್ರಂಥಿ ಬೇಕಾದ್ದಕ್ಕಿಂತ ಜಾಸ್ತಿ ಹಾರ್ಮೋನ್ ಸುರಿಯತ್ತೆ. ಎದೆ ಡವಡವ, ಕೈ ನಡುಕ, ತೂಕ ಇಳಿಯತ್ತೆ. ಇದರಲ್ಲಿ ಹೆಚ್ಚಿನದು ಗ್ರೇವ್ಸ್ ಅನ್ನೋ ಕಾಯಿಲೆ.

ಈ ರೋಗಿಗಳ ಮೂತ್ರದಲ್ಲಿ ಸತು ಜಾಸ್ತಿ ಹೋಗ್ತಿತ್ತು. ಹಾರ್ಮೋನ್ ಅತಿಯಾದಾಗ ಸ್ನಾಯು ಕರಗತ್ತೆ, ಅದರಲ್ಲಿದ್ದ ಸತು ಹೊರಗೆ ಹೋಗತ್ತೆ. ಇನ್ನೊಂದು ಕಡೆ ಕೆಂಪು ರಕ್ತಕಣದೊಳಗಿನ ಸತು ಕಮ್ಮಿಯಾಗಿತ್ತು. ಎರಡನೇ ಭಾಗದ ಕಾರ್ಬಾನಿಕ್ ಆನ್‌ಹೈಡ್ರೇಸ್ ನೆನಪಿದೆಯಾ? ಕೆಂಪು ಕಣದ ಸತುವಿನಲ್ಲಿ ಬಹುಪಾಲು ಆ ಕಿಣ್ವದಲ್ಲೇ ಇರೋದು. ಥೈರಾಯ್ಡ್ ಹಾರ್ಮೋನ್ ಜಾಸ್ತಿ ಇದ್ದಾಗ ಹೊಸದಾಗಿ ಹುಟ್ಟೋ ಕೆಂಪು ಕಣಗಳಲ್ಲಿ ಆ ಕಿಣ್ವ ಕಮ್ಮಿ ತಯಾರಾಗತ್ತೆ. ಕಿಣ್ವ ಕಮ್ಮಿ ಅಂದ್ರೆ ಸತುವೂ ಕಮ್ಮಿ.

ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ಅದರೊಳಗಿನ ಸತು ಇವತ್ತಿನ ಬ್ಯಾಲೆನ್ಸ್ ತೋರಿಸಲ್ಲ, ಹಿಂದಿನ ಮೂರು ನಾಲ್ಕು ತಿಂಗಳ ಪಾಸ್‌ಬುಕ್ ಎಂಟ್ರಿ ತೋರಿಸತ್ತೆ. ಸಕ್ಕರೆ ಕಾಯಿಲೆಯವರು ಮಾಡಿಸೋ ಮೂರು ತಿಂಗಳ ಟೆಸ್ಟ್ ಇದೆಯಲ್ಲ, ಹಾಗೇ. ಕೆಲವರಿಗೆ ಹಾರ್ಮೋನ್ ಸ್ವಲ್ಪ ದಿನ ಮಾತ್ರ ಏರಿ ತಾನಾಗೇ ಇಳಿಯತ್ತೆ. ಅವರಲ್ಲಿ ಕಣದ ಸತು ಇಳಿಯೋಷ್ಟು ಟೈಮೇ ಸಿಕ್ಕಿರಲ್ಲ. ಗ್ರೇವ್ಸ್‌ನಲ್ಲಿ ತಿಂಗಳುಗಟ್ಟಲೆ ಏರಿರತ್ತೆ, ಸತು ಇಳಿದಿರತ್ತೆ. ಎರಡು ಕಾಯಿಲೆಗಳನ್ನ ಬೇರೆ ಮಾಡಿ ಗುರುತಿಸೋಕೆ ಈ ಅಳತೆಯನ್ನೇ ಬಳಸಿ ನೋಡಿದ್ರು.

ಥೈರಾಯ್ಡಿಗೆ ಚಿಕಿತ್ಸೆ ಕೊಟ್ಟು ಹಾರ್ಮೋನ್ ಹದಕ್ಕೆ ತಂದ್ರೆ, ಹಳೇ ಕಣಗಳು ಹೋಗಿ ಹೊಸವು ಬಂದ ಹಾಗೆ, ಸತು ನಿಧಾನಕ್ಕೆ ತಾನಾಗೇ ಮೇಲೆ ಬರ್ತಿತ್ತು.

ಇದನ್ನ ಓದಿದಾಗ ನಾನು ನೋಟ್‌ಬುಕ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಲ್ಲಿ ಸತು ಕಮ್ಮಿಯಾಗಿದ್ದರಿಂದ ಥೈರಾಯ್ಡ್ ಬಂದಿಲ್ಲ. ಥೈರಾಯ್ಡ್ ಬಂದಿದ್ದರಿಂದ ಸತು ಕಮ್ಮಿಯಾಗಿದೆ. ಬಾಣದ ಗುರುತು ಉಲ್ಟಾ.

ಭಾಗ 7/9
ಫೋಟೊ: ಅಮ್ಮನ ಕೈ, ಬೆರಳಿಗೆ ಹೊಲಿಗೆಯ ಟೋಪಿ

ಹಾಗಂತ ಬಾಣ ಒಂದೇ ಕಡೆ ಓಡತ್ತೆ ಅಂದ್ರೆ ನಾನೂ ಆ ವಿಡಿಯೋದವರ ಥರಾನೇ ಆಗ್ತೀನಿ.

1985ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಏರನ್ ಕ್ಲೂಗ್ ಮತ್ತು ಸಂಗಡಿಗರು ಆಫ್ರಿಕಾದ ಒಂದು ಕಪ್ಪೆಯ ಮೊಟ್ಟೆಯಲ್ಲಿರೋ ಪ್ರೋಟೀನನ್ನ ಅಭ್ಯಾಸ ಮಾಡ್ತಾ ವಿಚಿತ್ರ ರಚನೆ ಕಂಡ್ರು. ಪ್ರೋಟೀನಿನ ಎಳೆ ಮಡಚಿಕೊಂಡು ಬೆರಳಿನ ಹಾಗೆ ಚಾಚಿದೆ, ಆ ಮಡಿಕೆ ಬಿಚ್ಚದ ಹಾಗೆ ಬುಡದಲ್ಲಿ ಒಂದು ಸತುವಿನ ಪರಮಾಣು ಹಿಡಿದುಕೊಂಡಿದೆ. ಸೀರೆ ನೆರಿಗೆಗೆ ಹಾಕೋ ಪಿನ್ನಿನ ಹಾಗೆ. ಈ ಬೆರಳುಗಳಿಂದ ಪ್ರೋಟೀನು ಡಿಎನ್‌ಎಯನ್ನ ಹಿಡಿದುಕೊಳ್ಳತ್ತೆ. ಇದಕ್ಕೆ ಜಿಂಕ್ ಫಿಂಗರ್ ಅನ್ನೋ ಹೆಸರೇ ನಿಂತಿತು.

ಮುಂದಿನ ವರ್ಷ, 1986ರಲ್ಲಿ, ಅಮೆರಿಕದಲ್ಲೊಂದು ಯುರೋಪಿನಲ್ಲೊಂದು ತಂಡ ಥೈರಾಯ್ಡ್ ಹಾರ್ಮೋನ್ ಹೋಗಿ ಕೂರೋ ಗ್ರಾಹಕವನ್ನ ಗುರುತಿಸಿದ್ವು. ಅದರಲ್ಲೂ ಇಂಥ ಬೆರಳುಗಳು, ಎರಡು. ಅಂದ್ರೆ ಥೈರಾಯ್ಡ್ ಹಾರ್ಮೋನ್ ಕಳಿಸೋ ಸಂದೇಶ ಜೀವಕೋಶದ ಡಿಎನ್‌ಎಗೆ ತಲುಪೋದೇ ಸತು ಹಿಡಿದ ಬೆರಳುಗಳ ಮೂಲಕ. ಸತು ಇಲ್ಲದ ಆಹಾರ ತಿಂದ ಇಲಿಗಳ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಇಳಿಯೋದನ್ನೂ ಪ್ರಯೋಗಗಳು ತೋರಿಸಿವೆ.

ಅಯೋಡಿನ್ ಬಟ್ಟೆಯಾದ್ರೆ, ಸತು ಮೆಷಿನ್ನಿನ ಸೂಜಿ. ಸೂಜಿ ಮುರಿದ್ರೆ ಕೆಲಸ ನಿಲ್ಲತ್ತೆ, ನಿಜ. ಆದ್ರೆ ಸೂಜಿ ಸರಿ ಇರುವಾಗ ಇನ್ನೂ ಹತ್ತು ಸೂಜಿ ತಂದಿಟ್ರೆ ಬ್ಲೌಸ್ ಹತ್ತು ಪಟ್ಟು ಬೇಗ ಆಗಲ್ಲ. ಬಟ್ಟೆಯೇ ಬರ್ತಿಲ್ಲ ಅಂದಾಗಂತೂ ಸೂಜಿ ಏನೂ ಮಾಡಲ್ಲ.

ಮನುಷ್ಯರ ಮೇಲಿನ ಅಧ್ಯಯನಗಳೂ ಹೀಗೇ ಹೇಳ್ತವೆ. ಹೈಪೋಥೈರಾಯ್ಡ್ ಇರೋರಲ್ಲಿ ಕೆಲವು ಕಡೆ ಸತು ಕಮ್ಮಿ ಕಂಡಿದೆ, ಕೆಲವು ಕಡೆ ಬೇರೆಯವರಿಗೂ ಇವರಿಗೂ ವ್ಯತ್ಯಾಸವೇ ಕಂಡಿಲ್ಲ. ಸತು ಕೊಟ್ಟು ನೋಡಿದ ಪ್ರಯೋಗಗಳು ಚಿಕ್ಕವು, ಫಲಿತಾಂಶ ಒಂದೇ ಥರ ಇಲ್ಲ. ನಿಜವಾಗ್ಲೂ ಕೊರತೆ ಇದ್ದವರಿಗೆ ಉಪಯೋಗ ಆಗಬಹುದು. ಥೈರಾಕ್ಸಿನ್ ಬದಲಿಗೆ ಸತು ಸಾಕು ಅಂತ ಹೇಳೋಕೆ ಯಾವ ಆಧಾರವೂ ಇಲ್ಲ.

ಇನ್ನೊಂದು ವಿಷಯ. ಎಲ್ಲರೂ ಅಯೋಡಿನ್ ಉಪ್ಪು ತಿನ್ನೋ ಇವತ್ತಿನ ಕಾಲದಲ್ಲಿ ಹೈಪೋಥೈರಾಯ್ಡಿಗೆ ದೊಡ್ಡ ಕಾರಣ, ನಮ್ಮದೇ ರೋಗನಿರೋಧಕ ವ್ಯವಸ್ಥೆ ಗ್ರಂಥಿಯ ಮೇಲೆ ತಿರುಗಿ ಬೀಳೋದು. ಜಪಾನಿನ ಹಾಶಿಮೊಟೊ ಹಕಾರು ಇದನ್ನ 1912ರಲ್ಲೇ ವಿವರಿಸಿದ್ರು, ಕಾಯಿಲೆಗೆ ಅವರದೇ ಹೆಸರು. ಅಮ್ಮನಿಗಿರೋದು ಅದೇ. ಸವೆದು ಹೋದ ಗ್ರಂಥಿಯನ್ನ ಮಾತ್ರೆ ಬಾಟಲಿ ಮತ್ತೆ ಕಟ್ಟಿಕೊಡಲ್ಲ.

ಭಾಗ 8/9
ಫೋಟೊ: ಅಮ್ಮನ ಲ್ಯಾಬ್ ರಿಪೋರ್ಟ್, ಹೆಸರು ಮುಚ್ಚಿದ್ದೀನಿ

ಹಾಗಾದ್ರೆ ರಿಪೋರ್ಟ್‌ನಲ್ಲಿ ಗೆರೆಗಿಂತ ಕೆಳಗಿದ್ದ ಆ ನಂಬರ್?

ದೊಡ್ಡವರ ಮೈಯಲ್ಲಿ ಒಟ್ಟು ಎರಡರಿಂದ ಮೂರು ಗ್ರಾಂ ಸತು ಇರತ್ತೆ. ಬಹುಪಾಲು ಸ್ನಾಯು ಮತ್ತು ಮೂಳೆಯಲ್ಲಿ. ಲ್ಯಾಬಿನವರು ಅಳೆಯೋ ರಕ್ತದ ತಿಳಿಯಲ್ಲಿರೋದು ನೂರಕ್ಕೆ ಒಂದು ಭಾಗಕ್ಕಿಂತಲೂ ಕಮ್ಮಿ. ಊಟ ಆದ್ಮೇಲೆ ಆ ನಂಬರ್ ಇಳಿಯತ್ತೆ. ಜ್ವರ ಇದ್ರೆ, ಮೈಯಲ್ಲಿ ಎಲ್ಲಾದ್ರೂ ಉರಿಯೂತ ಇದ್ರೆ ಸತು ರಕ್ತದಿಂದ ಯಕೃತ್ತಿಗೆ ಸರಿಯತ್ತೆ, ಆಗಲೂ ಇಳಿಯತ್ತೆ. ರಕ್ತ ಹಾಕೋ ಟ್ಯೂಬಿನ ರಬ್ಬರ್ ಬಿರಡೆಯಿಂದ ಸತು ಬಿಟ್ಟುಕೊಂಡ್ರೆ ಸುಳ್ಳೇ ಏರತ್ತೆ.

ಅಂಗಡಿ ಗಲ್ಲಾದಲ್ಲಿ ಸಂಜೆ ನಾಲ್ಕಕ್ಕೆ ಎಷ್ಟು ದುಡ್ಡಿದೆ ಅಂತ ಎಣಿಸಿ, ಅಂಗಡಿ ದಿವಾಳಿಯಾಗಿದೆ ಅನ್ನೋಕೆ ಆಗತ್ತಾ? ಎಣಿಸಿದ್ದು ತಪ್ಪಲ್ಲ, ಅದರಿಂದ ತೆಗೆದ ತೀರ್ಮಾನ ತಪ್ಪು. ಅಮ್ಮ ಹೇಳಿದ್ದು ಸರಿ, ರಿಪೋರ್ಟ್ ಏನೋ ಹೇಳ್ತಿತ್ತು. ಥೈರಾಯ್ಡ್ ಮಾತ್ರೆ ಬಿಡು ಅಂತ ಮಾತ್ರ ಹೇಳ್ತಿರಲಿಲ್ಲ.

ಇನ್ನು, ಜಾಸ್ತಿ ತಗೊಂಡ್ರೆ ನಷ್ಟ ಏನು ಅನ್ನೋರಿಗೆ ಉತ್ತರ ಕೊಟ್ಟವರು ಯಾರು ಗೊತ್ತಾ? ಅದೇ ಆನಂದ ಪ್ರಸಾದ್. 1963ರಿಂದ ಅವರು ಅಮೆರಿಕದ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ರು. ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆಯವರಿಗೆ ಸತು ಕೊಟ್ಟು ನೋಡ್ತಿದ್ರು. ಹೆಚ್ಚು ಪ್ರಮಾಣದಲ್ಲಿ, ಬಹಳ ದಿನ ತಗೊಂಡವರಲ್ಲಿ ತಾಮ್ರ ಇಳಿದುಹೋಗೋದನ್ನ ಗಮನಿಸಿ, 1978ರಲ್ಲಿ ಬ್ರೂವರ್ ಮುಂತಾದವರ ಜತೆ ಪ್ರಕಟಿಸಿದ್ರು. ಕರುಳಿನಲ್ಲಿ ಸತು ತಾಮ್ರದ ದಾರಿ ಕಟ್ಟತ್ತೆ. ತಾಮ್ರ ಕಮ್ಮಿಯಾದ್ರೆ ಮತ್ತೆ ರಕ್ತಹೀನತೆ, ಬಿಳಿಕಣ ಕುಸಿತ, ನರಗಳಿಗೂ ತೊಂದರೆ. ಹಿತ್ತಾಳೆ ಬಿಂದಿಗೆಯಲ್ಲಿ ಅಷ್ಟು ಚೆನ್ನಾಗಿ ಹೊಂದಿಕೊಂಡ ಇಬ್ಬರು ಕರುಳಲ್ಲಿ ಹೊಂದಿಕೊಳ್ಳಲ್ಲ.

ಈ ಅಡ್ಡಪರಿಣಾಮವೇ ಔಷಧಿಯೂ ಆಯ್ತು. ಮೈಯಲ್ಲಿ ತಾಮ್ರ ತುಂಬಿಕೊಳ್ಳೋ ವಿಲ್ಸನ್ ಕಾಯಿಲೆಗೆ ಜಿಂಕ್ ಅಸಿಟೇಟ್ ಕೊಡಬಹುದು ಅಂತ ಅಮೆರಿಕ 1997ರಲ್ಲಿ ಒಪ್ಪಿಗೆ ಕೊಟ್ಟಿತು. ಸತುವಿನ ಕೊರತೆ ಕಂಡುಹಿಡಿದ ಮನುಷ್ಯನೇ ಅದರ ಅತಿಯನ್ನೂ ಬರೆದಿಟ್ರು. ತನಗೆ ಹೆಸರು ತಂದ ವಸ್ತುವಿನ ಡೆಬಿಟ್ ಕಾಲಮ್ಮನ್ನೂ ಬಿಡದೆ ತುಂಬೋದು ಎಷ್ಟು ಜನಕ್ಕೆ ಆಗತ್ತೆ?

ಭಾಗ 9/9
ಫೋಟೊ: ಮತ್ತೆ ಅದೇ ಡಬ್ಬಿ

ಈ ಕಥೆಯನ್ನ ಅಮ್ಮನಿಗೆ ಒಂದೇ ಸಲ ಹೇಳಲಿಲ್ಲ. ಅವಳು ಬ್ಲೌಸಿಗೆ ಹುಕ್ಕು ಹಾಕ್ತಾ ಕೂತಿರೋವಾಗ ದಿನಾ ಸ್ವಲ್ಪ ಸ್ವಲ್ಪ ಹೇಳಿದೆ. ಮೊದಲ ದಿನ ನಾನು ಜಗಳ ಆಡಿದ್ದೆ. ವಿಡಿಯೋ ನಂಬ್ತೀಯಾ, ಡಾಕ್ಟರನ್ನ ನಂಬಲ್ವಾ ಅಂತ ಕೂಗಾಡಿದ್ದೆ. ಅಮ್ಮ ಒಂದೇ ಮಾತು ಹೇಳಿದಳು: “ಡಾಕ್ಟ್ರು ಎರಡು ನಿಮಿಷ ನೋಡ್ತಾರೆ ಕಣೇ. ಆ ವಿಡಿಯೋದವರು ಇಪ್ಪತ್ತು ನಿಮಿಷ ಕೂತು ವಿವರಿಸಿದ್ರು.” ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳನ್ನ ಕೂರಿಸಿಕೊಂಡು ಆ ಇಪ್ಪತ್ತು ನಿಮಿಷ ನಾನೂ ಕೊಟ್ಟಿರಲಿಲ್ಲ ಅನ್ನೋದು ಆಮೇಲೆ ಹೊಳೀತು.

ಶಿರಾಜ್‌ನ ಹುಡುಗನ ಕಥೆ ಅವಳಿಗೆ ತುಂಬ ಹಿಡಿಸ್ತು. “ಪಾಪ, ಮಣ್ಣು ತಿಂತಿದ್ನಲ್ಲ, ಆಮೇಲೆ ಬೆಳೆದ್ನಾ?” ಅಂತ ಎರಡು ಸಲ ಕೇಳಿದಳು. ಹೂಂ ಅಮ್ಮ, ಚೇತರಿಸಿಕೊಂಡ ಅಂದೆ. “ಊಟದಿಂದಾನಾ, ಮಾತ್ರೆಯಿಂದಾನಾ?” ಅಂದಳು. ನೂರೈವತ್ತು ವರ್ಷದ ಇತಿಹಾಸ ಕೇಳಿದ ಪ್ರಶ್ನೆಯನ್ನ ಅಮ್ಮ ಹುಕ್ಕು ಹಾಕ್ತಾನೇ ಕೇಳಿಬಿಟ್ಟಳು.

ಡಾಕ್ಟರ್ ಹತ್ತಿರ ಹೋದ್ವಿ. ಈ ಸಲ ಎರಡು ನಿಮಿಷ ಆಗಲಿಲ್ಲ, ಯಾಕಂದ್ರೆ ಅಮ್ಮ ಪ್ರಶ್ನೆಗಳನ್ನ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದಳು. ಅವರು ಹೇಳಿದ್ದು ಇಷ್ಟು. ಥೈರಾಯ್ಡ್ ಮಾತ್ರೆ ಮತ್ತೆ ಶುರು ಮಾಡಿ, ಖಾಲಿ ಹೊಟ್ಟೆಗೆ, ನೀರಿನ ಜತೆ. ಕಬ್ಬಿಣ, ಕ್ಯಾಲ್ಸಿಯಂ, ಅವು ಸೇರಿರೋ ಮಲ್ಟಿವಿಟಮಿನ್ ಮಾತ್ರೆ ತಗೊಳ್ಳೋದಾದ್ರೆ ನಾಲ್ಕು ಗಂಟೆ ಅಂತರ ಇರಲಿ, ಇಲ್ಲಾಂದ್ರೆ ಥೈರಾಕ್ಸಿನ್ ಮೈಗೆ ಸರಿಯಾಗಿ ಸೇರಲ್ಲ. ಜಿಂಕ್ ಬಾಟಲಿ ಸದ್ಯಕ್ಕೆ ಬೇಡ, ಮೊಳಕೆ ಕಾಳು, ಕಡಲೆ, ಎಳ್ಳು, ಮೊಟ್ಟೆ ತಿನ್ನಿ. ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ನೋಡೋಣ.

ನೋಡಿದ್ವಿ. ಇಳೀತಾ ಇದೆ. ಇನ್ನೂ ಗೆರೆಯೊಳಗೆ ಬಂದಿಲ್ಲ, ಮುಂದಿನ ಟೆಸ್ಟ್ ಇದೆ. ದನಿ ವಾಪಸ್ ಬಂದಿದೆ. ಹಬ್ಬದ ಬ್ಲೌಸುಗಳು ತಡವಾಗಿ ಹೋದ್ವು, ಇಬ್ಬರು ಗಿರಾಕಿಗಳು ಬೇರೆ ಕಡೆ ಹೋದ್ರು. ಆ ನಷ್ಟವನ್ನ ಯಾವ ಖಾತೆಗೆ ಬರೀಲಿ ಅಂತ ನಂಗೆ ಇನ್ನೂ ಸಿಟ್ಟಿದೆ.

ನಿಮ್ಮ ಮನೇಲಿ ಯಾರಾದ್ರೂ ಥೈರಾಯ್ಡ್ ಮಾತ್ರೆ ತಗೊಳ್ತಿದ್ರೆ ಇವತ್ತು ಒಂದು ಕೆಲಸ ಮಾಡಿ. ಡಬ್ಬಿ ತೆಗೆದು ಶೀಟು ಎಣಿಸಿ. ಲೆಕ್ಕ ತಾಳೆ ಆಗದಿದ್ರೆ ಬೈಬೇಡಿ, ಪಕ್ಕದಲ್ಲಿ ಕೂತು ಯಾಕೆ ಅಂತ ಕೇಳಿ. ಮಾತ್ರೆ ಬಿಡೋದು, ಬದಲಾಯಿಸೋದು, ಹೊಸದು ಸೇರಿಸೋದು ಏನೇ ಇದ್ರೂ ಡಾಕ್ಟರನ್ನ ಕೇಳಿಯೇ ಮಾಡಿ.

ಸೇವ್ ಮಾಡಿಟ್ಕೊಳ್ಳಿ, ಅಮ್ಮಂದಿರ ಗ್ರೂಪಿಗೆ ಕಳಿಸಿ. ಮುಂದಿನ ಸರಣಿ ಯಾವುದರ ಬಗ್ಗೆ ಬೇಕು ಅಂತ ಕಾಮೆಂಟಿನಲ್ಲಿ ಹೇಳಿ. ಅಮ್ಮ ಆಗಲೇ ಹೇಳಿದಾಳೆ: ಹೊಲಿಗೆ ಸೂಜಿ.

#ಕನ್ನಡ #ಇತಿಹಾಸ #ಸತು #ಥೈರಾಯ್ಡ್ #ಅಮ್ಮ